ಹುಬ್ಬಳ್ಳಿಯ 60 ಸಾವಿರ, ಬೆಂಗಳೂರಿನ 90 ಸಾವಿರ: ಒಂದು ಮನೆಯ ಲೆಕ್ಕ

2025ರ ಸೆಪ್ಟೆಂಬರ್‌ನ ಒಂದು ಭಾನುವಾರ ನನ್ನ ತಮ್ಮ ಮೊಬೈಲ್ ಹಿಡಿದುಕೊಂಡೇ ನಮ್ಮ ಮನೆಯ ಮೆಟ್ಟಿಲು ಹತ್ತಿದ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಿಂದ ಆಫರ್ ಲೆಟರ್ ಬಂದಿತ್ತು. ವರ್ಷಕ್ಕೆ 10 ಲಕ್ಷದ 80 ಸಾವಿರ.

"ಅಕ್ಕಾ, ತಿಂಗಳಿಗೆ 90 ಸಾವಿರ ಆತು. ಈಗಿನ ಪಗಾರದ ಡಬಲ್. ಇದರಾಗ ಲೆಕ್ಕಾ ಹಾಕೂದು ಏನೈತಿ?" ಅಂದ.

ನಾನು ಹುಬ್ಬಳ್ಳಿಯಲ್ಲಿ ಅಂಗಡಿ, ಗೋದಾಮುಗಳ ಲೆಕ್ಕ ಬರೆಯುವವಳು. ಡಬಲ್ ಅನ್ನುವ ಮಾತು ಕೇಳಿದಾಗ ಮೊದಲು ಕಾಗದ ನೋಡುವುದು ನನಗೆ ಅಭ್ಯಾಸ. 200 ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತೆವು. ಮೂರು ಭಾನುವಾರ ಹಿಡಿಯಿತು. ತಮ್ಮ, ಅವನ ಹೆಂಡತಿ, ನಾನು, ಪಕ್ಕದಲ್ಲಿ ಅವ್ವ. ಅದರಲ್ಲಿ ಕಂಡದ್ದನ್ನು ಅವರೆಲ್ಲರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಬಾಡಿಗೆ, ಫೀ ಎಲ್ಲವೂ ಅವರಿಗೆ ಹೇಳಿದ ದರ, ಅವರ ಮನೆಯ ಖರ್ಚು. ಊರಿನ ಸರಾಸರಿ ಅಲ್ಲ. ಲೆಕ್ಕ ಹಾಕುವ ದಾರಿ ಮಾತ್ರ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ಮನೆಯ ವಿಷಯ. ತಮ್ಮನಿಗೆ 36 ವರ್ಷ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಕೈಗೆ 46,000 ಬರುತ್ತಿತ್ತು. ಅವನ ಹೆಂಡತಿ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಟೀಚರ್, 14,000. ಮಗಳಿಗೆ ಆರು ವರ್ಷ, ಅದೇ ಶಾಲೆಯಲ್ಲಿ ಒಂದನೇ ಕ್ಲಾಸು. ಅಪ್ಪ ಕಟ್ಟಿಸಿದ ಮನೆ ಉಣಕಲ್ ಹತ್ತಿರ ಇದೆ. ಕೆಳಗೆ ಅವ್ವ, ಮೇಲೆ ಇವರು. ಅಡುಗೆ ಒಂದೇ.

ಹೋಲಿಸುವಾಗ ಮೊದಲ ತಪ್ಪು ಅಲ್ಲೇ ಆಗಿತ್ತು. ಕೈಗೆ ಬರುವ 46,000ವನ್ನು ಅವನು ಕಾಗದದ ಮೇಲಿನ 90,000ಕ್ಕೆ ಹೋಲಿಸಿದ್ದ. ಕಂಪನಿ ಹೇಳುವ ಸಿಟಿಸಿ ಅಂದರೆ ಕಂಪನಿಗೆ ನೀವು ಬೀಳುವ ಖರ್ಚು, ನಿಮ್ಮ ಪಗಾರ ಅಲ್ಲ. ಆ 10.80 ಲಕ್ಷವನ್ನು ಬಿಡಿಸಿದೆವು. 90,000 ವರ್ಷಕ್ಕೊಮ್ಮೆ ಬರುವ ವೇರಿಯಬಲ್, ಅದೂ ಕಂಪನಿ ಚೆನ್ನಾಗಿ ನಡೆದರೆ. ಬೇಸಿಕ್ ತಿಂಗಳಿಗೆ 45,000. ಅದರ ಶೇ. 12 ಕಂಪನಿಯ ಪಿಎಫ್ ಪಾಲು, ವರ್ಷಕ್ಕೆ 64,800. ಗ್ರಾಚ್ಯುಟಿ ಲೆಕ್ಕಕ್ಕೆ ಬೇಸಿಕ್‌ನ ಶೇ. 4.81, ಅಂದರೆ ಸುಮಾರು 26,000. ಆರೋಗ್ಯ ವಿಮೆ 9,200. ಇಷ್ಟು ತೆಗೆದರೆ ಉಳಿದದ್ದು 8.90 ಲಕ್ಷ, ತಿಂಗಳಿಗೆ 74,000 ಚಿಲ್ಲರೆ. ಅದರಲ್ಲಿ ಇವನ ಪಿಎಫ್ 5,400, ವೃತ್ತಿ ತೆರಿಗೆ 200 ಹೋದರೆ ಕೈಗೆ 68,500.

ಆದಾಯ ತೆರಿಗೆ ಏನೂ ಇಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಬರುವುದಿಲ್ಲ. ಬಾಡಿಗೆ ರಸೀದಿ ತೋರಿಸಿ ತೆರಿಗೆ ಉಳಿಸಬಹುದು ಎಂದು ಯಾರೋ ಗೆಳೆಯರು ಹೇಳಿದ್ದರಂತೆ. ಅದು ಹಳೆಯ ಪದ್ಧತಿಯ ಮಾತು. ಹೊಸದರಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿಯೇ ಇಲ್ಲ.

ಇನ್ನೊಂದು ಮಾತು ಅವನ ಹೆಂಡತಿಯಿಂದ ಬಂತು. ಅಲ್ಲಿಯವರೆಗೆ ಸುಮ್ನೆ ಕೇಳುತ್ತಾ ಕೂತಿದ್ದಳು. "ಅಕ್ಕಾರ, ನಂದು 14 ಸಾವಿರ ಎಲ್ಲಿ ಬರದೀರಿ?" ಅಂದಳು. ಹೌದಲ್ವಾ! ಬೆಂಗಳೂರಿಗೆ ಹೋದ ದಿನ ಅವಳ ಕೆಲಸ ಹೋಗುತ್ತದೆ. ಇನ್ನೊಂದು ಸಿಗುವವರೆಗೆ ಒಂದೇ ಪಗಾರ. ಹಾಗಾದರೆ ಹೋಲಿಕೆ 46,000ಕ್ಕೂ 90,000ಕ್ಕೂ ಅಲ್ಲ. 60,000ಕ್ಕೂ 68,500ಕ್ಕೂ. ತಮ್ಮ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಕೂಡಿಸಿ ನೋಡಿದ.

ಇನ್ನು ಖರ್ಚು. ಹುಬ್ಬಳ್ಳಿಯಲ್ಲಿ ಮನೆಯವರೆಲ್ಲರ ತಿಂಗಳ ಖರ್ಚು 34,000 ಬಂತು. ದಿನಸಿ, ತರಕಾರಿ, ಹಾಲು 13,000. ಅವ್ವನ ಬಿಪಿ, ಶುಗರ್ ಗುಳಿಗೆಗೆ 2,500. ಗ್ಯಾಸು, ನೀರು ಸೇರಿ 1,300. ಕರೆಂಟು ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್. ಮಗಳ ಫೀ ತಿಂಗಳಿಗೆ 1,500 ಅಷ್ಟೇ, ತಾಯಿ ಅಲ್ಲೇ ಟೀಚರ್ ಆದ್ದರಿಂದ ಬಹುಪಾಲು ಮಾಫಿ. ಪೆಟ್ರೋಲು, ಫೋನು, ಎಲ್ಐಸಿ, ಪಾತ್ರೆ ತಿಕ್ಕುವವಳ ಪಗಾರ, ಮನೆಯ ತೆರಿಗೆ ಮತ್ತು ರಿಪೇರಿ, ಬಟ್ಟೆ, ಮದುವೆ-ಮುಂಜಿವೆಯ ಉಡುಗೊರೆ, ವಾರಕ್ಕೊಮ್ಮೆ ಹೋಟೆಲು ಎಲ್ಲ ಸೇರಿ ಉಳಿದದ್ದು. 60,000ದಲ್ಲಿ 26,000 ಕೈಯಲ್ಲಿ ಉಳಿಯುತ್ತಿತ್ತು. ತಮ್ಮನ ಪಿಎಫ್, ಅವನದೂ ಕಂಪನಿಯದೂ ಪಾಲು ಸೇರಿ 3,600, ಯಾಕೆಂದರೆ ಇಲ್ಲಿನ ಕಂಪನಿ 15,000 ಮಿತಿಯ ಮೇಲಷ್ಟೇ ಕಟ್ಟುತ್ತಿತ್ತು. ಒಟ್ಟು ಉಳಿತಾಯ 29,600.

ಬೆಂಗಳೂರಿನ ಖರ್ಚು ಬರೆಯಲು ತಮ್ಮ ಒಂದು ಶನಿವಾರ ಅಲ್ಲಿಗೇ ಹೋಗಿ ಬಂದ. ಕೆಲಸ ಪೀಣ್ಯದಲ್ಲಿ. ದಾಸರಹಳ್ಳಿ, ಬಾಗಲಗುಂಟೆ ಕಡೆ ಎರಡು ಬೆಡ್‌ರೂಮಿನ ಮನೆ ನೋಡಿದ. ಒಪ್ಪಿಗೆಯಾದ ಮನೆಗೆ 19,000 ಬಾಡಿಗೆ, 1,500 ಮೇಂಟೆನೆನ್ಸ್. ಓನರ್ ಮೊದಲು ಹತ್ತು ತಿಂಗಳ ಅಡ್ವಾನ್ಸ್ ಕೇಳಿ, ಕೊನೆಗೆ ಒಂದು ಲಕ್ಷಕ್ಕೆ ಇಳಿದರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ. ಅದು ರಾಜ್ಯಗಳು ಒಪ್ಪಿ ತಂದರಷ್ಟೇ ಲೆಕ್ಕ. ಬೆಂಗಳೂರಿನ ಬೀದಿಯಲ್ಲಿ ಆ ಮಾತು ನಡೆಯುವುದಿಲ್ಲ.

ಮೂವರ ಊಟಕ್ಕೆ 14,000. ಕರೆಂಟು, ನೀರು, ಗ್ಯಾಸಿಗೆ 2,300. ಶಾಲೆ ಫೀ ಮತ್ತು ವ್ಯಾನು ಸೇರಿ ವರ್ಷಕ್ಕೆ 90,000, ಅಂದರೆ ತಿಂಗಳಿಗೆ 7,500. ಓಡಾಟಕ್ಕೆ ಮೊದಲಿನಷ್ಟೇ 2,500, ಕಾರ್ಖಾನೆ ಹತ್ತಿರ ಅಂತ. ಫೋನು ಇಲ್ಲಿಗೂ ಅಲ್ಲಿಗೂ ಸೇರಿ 1,800. ಎಲ್ಐಸಿ 3,000. ಬಟ್ಟೆ, ಹೋಟೆಲು, ಮದುವೆ ಕಾರ್ಯಗಳಿಗೆ 7,500.

ಇಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟೋ ವಸ್ತುಗಳ ಬೆಲೆ ಎರಡೂ ಊರಲ್ಲಿ ಒಂದೇ, ಇಲ್ಲವೇ ಐದು ಹತ್ತು ರೂಪಾಯಿ ಹೆಚ್ಚು ಕಡಿಮೆ. ನಂದಿನಿ ಹಾಲು, ಗುಳಿಗೆ, ಮೊಬೈಲ್ ರೀಚಾರ್ಜು, ಎಲ್ಐಸಿ ಕಂತು, ಸೋಪು. ಇವು ಊರು ನೋಡುವುದಿಲ್ಲ. ಬಾಡಿಗೆ, ಶಾಲೆ, ಇನ್ನೊಬ್ಬರ ಕೈಯ ದುಡಿಮೆ, ಈ ಮೂರು ಮಾತ್ರ ಊರು ನೋಡಿ ಏರುತ್ತವೆ. ಬೆಂಗಳೂರು ದುಬಾರಿ ಅನ್ನುವಾಗ ನಾವು ಹೇಳುತ್ತಿರುವುದು ಹೆಚ್ಚಾಗಿ ಈ ಮೂರರ ಮಾತೇ. ಒಂದು ಸಂಸಾರದ ಖರ್ಚಿನಲ್ಲಿ ಇವು ಎಷ್ಟು ಪಾಲು ಎನ್ನುವುದರ ಮೇಲೆ ಆ ಸಂಸಾರಕ್ಕೆ ಬೆಂಗಳೂರು ಎಷ್ಟು ದುಬಾರಿ ಅನ್ನುವುದು ನಿಲ್ಲುತ್ತದೆ. ಒಂಟಿ ಹುಡುಗನಿಗೆ ಒಂದು ಲೆಕ್ಕ, ಮಗು ಇರುವವರಿಗೆ ಬೇರೆ ಲೆಕ್ಕ.

ಮೂರನೆಯದೊಂದು ಬಗೆಯ ಖರ್ಚಿದೆ. ಅದು ನನಗೆ ಎರಡನೇ ಭಾನುವಾರ ಹೊಳೆಯಿತು, ಅವ್ವ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದಾಗ. ಹುಬ್ಬಳ್ಳಿಯಲ್ಲಿ ಬೆಲೆಯೇ ಇಲ್ಲದ ಕೆಲವಕ್ಕೆ ಬೆಂಗಳೂರಿನಲ್ಲಿ ಬೆಲೆ ಹುಟ್ಟುತ್ತದೆ.

ರೊಟ್ಟಿಯನ್ನೇ ನೋಡಿ. ಈ ಮನೆಯಲ್ಲಿ ದಿನಕ್ಕೆ ಹತ್ತು ರೊಟ್ಟಿ ಬೇಕು, ತಿಂಗಳಿಗೆ 300. ಅವ್ವ ಅಣ್ಣಿಗೇರಿ ಕಡೆಯ ಬಿಳಿಜೋಳ ಚೀಲಗಟ್ಟಲೆ ತರಿಸಿ, ಹಸನು ಮಾಡಿ, ಗಿರಣಿಗೆ ಕಳಿಸುತ್ತಾಳೆ. ತಿಂಗಳಿಗೆ 20 ಕಿಲೋ ಹಿಟ್ಟು, ಕಿಲೋಗೆ 45ರಂತೆ 900 ರೂಪಾಯಿ. ಅವಳ ಕೈಗೆ ಕೂಲಿ ಇಲ್ಲ. ಅದೇ ರೊಟ್ಟಿ ದಾಸರಹಳ್ಳಿಯ ಅಂಗಡಿಯಲ್ಲಿ ಒಂದಕ್ಕೆ 13 ರೂಪಾಯಿ. ಪೂರಾ 300 ಕೊಂಡರೆ 3,900. ಅವರು 150ಕ್ಕೆ ಇಳಿಸಿ, ಉಳಿದ ದಿನ ಅನ್ನ, ಚಪಾತಿ ಅಂತ ಬರೆದುಕೊಂಡರು. ಊಟದ 14,000ದಲ್ಲಿ ಸುಮಾರು 2,000 ಈ ರೊಟ್ಟಿಯದೇ. ನಾಲ್ವರಿಗೆ 13,000 ಆಗುತ್ತಿದ್ದದ್ದು ಮೂವರಿಗೆ 14,000 ಯಾಕಾಯಿತು ಎಂದರೆ ಅಲ್ಲಿದೆ ಉತ್ತರ. ಸೊಸೆಗೂ ರೊಟ್ಟಿ ಬಡಿಯಲು ಚೆನ್ನಾಗಿಯೇ ಬರುತ್ತದೆ. ಆದರೆ ನಾಳೆ ಅಲ್ಲೂ ಕೆಲಸ ಸಿಕ್ಕು ಬೆಳಗ್ಗೆ ಎಂಟಕ್ಕೆ ಹೊರಡುವಂತಾದರೆ ಎಷ್ಟು ಬಡಿಯಬೇಕು?

ಮಗಳು ಶಾಲೆಯಿಂದ ಬಂದಮೇಲೆ ನೋಡಿಕೊಳ್ಳುವುದೂ ಹಾಗೆಯೇ. ಇಲ್ಲಿ ಅಜ್ಜಿ ಇದ್ದಾಳೆ. ಅಲ್ಲಿ ತಾಯಿ ಕೆಲಸಕ್ಕೆ ಹೋದರೆ ಡೇಕೇರ್, ತಿಂಗಳಿಗೆ 6,000. ಅವಳಿಗೆ ಕೆಲಸ ಸಿಗುವವರೆಗೆ ಇದನ್ನು ಖರ್ಚಿಗೆ ಸೇರಿಸಲಿಲ್ಲ. ಸ್ವಂತ ಮನೆ ಅಂತೂ ದೊಡ್ಡ ಬಾಬತ್ತು. ಅದು ಪುಕ್ಕಟೆ ಅಂತ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಜ ನೋಡಿದರೆ ಮೇಲಿನ ಭಾಗ ಬಾಡಿಗೆಗೆ ಕೊಟ್ಟರೆ 8,000 ಬರುತ್ತದೆ. ಹೋದರೆ ಅಷ್ಟು ಆದಾಯ, ಅದನ್ನೂ ಪ್ರಾಮಾಣಿಕವಾಗಿ ಬೆಂಗಳೂರಿನ ಕಡೆಗೇ ಬರೆದೆವು.

ಅವ್ವನನ್ನು ಕೇಳಿದೆವು. "ನಾ ಎಲ್ಲಿಗೂ ಬರೂದಿಲ್ಲ. ನೀವ್ ಹೋಗ್ರಿ, ನಾ ಬ್ಯಾಡ ಅನ್ನೂದಿಲ್ಲ" ಅಂದಳು. ನಮ್ಮ ಓಣಿಯಲ್ಲಿ ನೀರು ವಾರಕ್ಕೊಮ್ಮೆ ಬರುತ್ತದೆ. ಆ ದಿನ ಸಂಪು, ಡ್ರಮ್ಮು, ಕೊಡ ಎಲ್ಲ ತುಂಬಿಸಿಡಬೇಕು. ಎಪ್ಪತ್ತು ದಾಟಿದವಳು ಒಬ್ಬಳೇ ಮಾಡುವ ಕೆಲಸ ಅಲ್ಲ. ಮನೆ ಕೆಲಸಕ್ಕೂ ರಾತ್ರಿ ಜೊತೆಗೆ ಮಲಗಲಿಕ್ಕೂ ಒಬ್ಬರನ್ನು ನೇಮಿಸಬೇಕು. ಅದಕ್ಕೆ 2,500, ಅವ್ವನ ಊಟಕ್ಕೆ 4,000, ಗುಳಿಗೆಗೆ 2,500. ಒಟ್ಟು 9,000. ಮನೆಯ ತೆರಿಗೆ, ರಿಪೇರಿಗೆ 1,000. ಊರಿಗೆ ಬಂದು ಹೋಗಲು ತಿಂಗಳಿಗೆ 3,000.

ಬೆಂಗಳೂರಿನ ಖರ್ಚು ಕೂಡಿಸಿದರೆ 72,100. ಆದಾಯ ಪಗಾರ 68,500, ಬಾಡಿಗೆ 8,000, ಒಟ್ಟು 76,500. ಕೈಯಲ್ಲಿ ಉಳಿಯುವುದು 4,400. ಪಿಎಫ್ ಚೆನ್ನಾಗಿದೆ, ಎರಡೂ ಪಾಲು ಸೇರಿ 10,800. ಒಟ್ಟು ಉಳಿತಾಯ 15,200. ಹುಬ್ಬಳ್ಳಿಯಲ್ಲಿ 29,600. ಡಬಲ್ ಪಗಾರದಲ್ಲಿ ಉಳಿತಾಯ ಅರ್ಧ. ವೇರಿಯಬಲ್ ಪೂರ್ತಿ ಬಂದರೂ ತಿಂಗಳಿಗೆ 7,500 ಸೇರಿ 22,700ಕ್ಕೆ ಏರುತ್ತದೆ, ಅಷ್ಟೇ. ಜೊತೆಗೆ ಹೋಗುವಾಗಿನ ಒಂದು ಸಲದ ಖರ್ಚು: ಬ್ರೋಕರ್‌ಗೆ 19,000, ಲಾರಿಗೆ 22,000, ಶಾಲೆಯ ಪ್ರವೇಶಕ್ಕೆ 30,000, ಗೀಸರ್, ಪರದೆ ಇತ್ಯಾದಿ 15,000. ಒಟ್ಟು 86,000, ಮೊದಲ ವರ್ಷದ ವೇರಿಯಬಲ್ ಹೆಚ್ಚುಕಡಿಮೆ ಅದಕ್ಕೇ ಸರಿ. ಅಡ್ವಾನ್ಸ್ ಒಂದು ಲಕ್ಷ ವಾಪಸ್ ಬರುತ್ತದೆ, ಪೇಂಟಿಂಗ್ ಖರ್ಚು ಹಿಡಿದುಕೊಂಡು.

ತಮ್ಮ ಇಷ್ಟಕ್ಕೆ ಬಿಡಲಿಲ್ಲ. ಸರ್ಕಾರದ ಬೆಲೆ ಸೂಚ್ಯಂಕ ಇದೆಯಲ್ಲ, ಅದರಲ್ಲಿ ಊರೂರಿನ ಅಂಕಿ ಇದೆ, ಅದರ ಪ್ರಕಾರ ಇಷ್ಟೊಂದು ಅಂತರ ಇಲ್ಲ ಎಂದ. ಈ ತಪ್ಪು ಬಹಳ ಜನ ಮಾಡುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಪ್ರತಿ ಊರಿನ 2016ರ ಬೆಲೆಯನ್ನೂ 100 ಅಂತ ಹಿಡಿದಿದ್ದಾರೆ. ಬೆಂಗಳೂರಿನದೂ 100, ಹುಬ್ಬಳ್ಳಿಯದೂ 100. ಅಲ್ಲಿಂದ ಈಚೆಗೆ ಆ ಊರಲ್ಲಿ ಬೆಲೆ ಎಷ್ಟು ಏರಿತು ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಯಾವ ಊರು ದುಬಾರಿ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಇಬ್ಬರು ಮಕ್ಕಳು ಈ ವರ್ಷ ಎರಡೆರಡು ಇಂಚು ಬೆಳೆದರು ಅಂದರೆ ಇಬ್ಬರೂ ಒಂದೇ ಎತ್ತರ ಅಂತ ಅಲ್ಲವಲ್ಲ.

ಎರಡು ಊರನ್ನು ಅಕ್ಕಪಕ್ಕ ಇಟ್ಟು ನೋಡುವ ಒಂದು ಸರ್ಕಾರಿ ಲೆಕ್ಕ ಮಾತ್ರ ನನಗೆ ಉಪಯೋಗಕ್ಕೆ ಬಂತು. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ 50 ಲಕ್ಷಕ್ಕಿಂತ ಹೆಚ್ಚು ಜನರಿರುವ ಬೆಂಗಳೂರು ಎಕ್ಸ್ ದರ್ಜೆ. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ ವೈ ದರ್ಜೆ. ತುಟ್ಟಿಭತ್ಯೆ ಶೇ. 50 ಮುಟ್ಟಿದಮೇಲೆ, 2024ರ ಜನವರಿಯಿಂದ, ಎಕ್ಸ್ ಊರಿಗೆ ಬೇಸಿಕ್‌ನ ಶೇ. 30, ವೈ ಊರಿಗೆ ಶೇ. 20. ತಮ್ಮನ 45,000 ಬೇಸಿಕ್ ಹಿಡಿದರೆ 13,500 ಮತ್ತು 9,000. ಅಂತರ 4,500. ಆದರೆ ನಮ್ಮ ನೋಟ್‌ಬುಕ್ಕಿನಲ್ಲಿ ಉಣಕಲ್‌ನ 8,000ಕ್ಕೂ ಬಾಗಲಗುಂಟೆಯ 19,000ಕ್ಕೂ 11,000 ಅಂತರ. ಬೇಸಿಕ್, ತುಟ್ಟಿಭತ್ಯೆ ಎರಡೂ ಊರಲ್ಲಿ ಒಂದೇ. ಹಾಗಾಗಿ ಕೇಂದ್ರದ ನೌಕರಿಯಲ್ಲಿರುವವರು ಹುಬ್ಬಳ್ಳಿಗೆ ವರ್ಗ ಕೇಳಿಕೊಂಡು ಬರುತ್ತಾರೆ ಅಂದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಮತ್ತೆ ಎಷ್ಟು ಕೊಟ್ಟರೆ ಸರಿಹೋಗುತ್ತದೆ? ತಿಂಗಳಿಗೆ 14,400 ಕಡಿಮೆ ಬೀಳುತ್ತಿತ್ತು. ಅದನ್ನು ಸಿಟಿಸಿಗೆ ತಿರುಗಿಸಿದರೆ ಸುಮಾರು 12.6 ಲಕ್ಷ. ಹುಬ್ಬಳ್ಳಿಯ 60,000ದ ಬದುಕು ಬೆಂಗಳೂರಿನಲ್ಲಿ ಹಾಗೇ ಇರಬೇಕೆಂದರೆ ಅಷ್ಟು ಬೇಕು. ತಮ್ಮ ಕೇಳಿ ನೋಡಿದ. ಈ ವರ್ಷ ಆಗುವುದಿಲ್ಲ, ಆದರೆ ವರ್ಷದೊಳಗೆ ಸಂಸಾರ ತಂದರೆ ಲಾರಿ ಖರ್ಚು ಕೊಡುತ್ತೇವೆ ಎಂದರು. ಅವನ ಹೆಂಡತಿಗೆ ಅಲ್ಲಿ 22,000ದ ಕೆಲಸ ಸಿಕ್ಕರೆ? ಡೇಕೇರ್, ಕೆಲಸದವಳು, ಓಡಾಟ ಸೇರಿ 9,500 ಹೋಗಿ 12,500 ಉಳಿಯುತ್ತದೆ. ಉಳಿತಾಯ 27,700. ಅಂದರೆ ಇಬ್ಬರೂ ದುಡಿದರೆ ಹುಬ್ಬಳ್ಳಿಯ ಹತ್ತಿರ ಬಂದು ನಿಲ್ಲುತ್ತಾರೆ, ವೇರಿಯಬಲ್ ಬಂದ ವರ್ಷ ದಾಟುತ್ತಾರೆ.

ಹಾಗಾದರೆ ಬೇಡ ಅನ್ನಬೇಕಿತ್ತಲ್ವಾ? ನಾನು ಹಾಗೆ ಹೇಳಲಿಲ್ಲ. ತಿಂಗಳ ಉಳಿತಾಯದಲ್ಲಿ ಕಾಣದ ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಗೋಕುಲ ರಸ್ತೆಯಲ್ಲಿ ಅವನ ಕೆಲಸಕ್ಕೆ ಕೂಡುವ ಕಾರ್ಖಾನೆ ಎರಡೋ ಮೂರೋ. ನಾಳೆ ಇದು ಮುಚ್ಚಿದರೆ 46,000ದವನು 30,000ಕ್ಕೆ ಕೂರಬೇಕು. ಪೀಣ್ಯದಲ್ಲಿ ಒಂದು ಗೇಟು ಮುಚ್ಚಿದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ತೆರೆದಿರುತ್ತದೆ. ಅವನ ವಯಸ್ಸು 36. ನಲವತ್ತೈದಕ್ಕೆ ಇದೇ ಪತ್ರ ಬರುವುದಿಲ್ಲ. ಈ ಭದ್ರತೆಗೆ ಬೆಲೆ ಕಟ್ಟಲು ನನಗೆ ಆಗಲಿಲ್ಲ, ಆದರೆ ಅದು ಇದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅದರ ಕೆಳಗೆ ಇನ್ನೊಂದು ಸಾಲು: 11 ತಿಂಗಳ ಕರಾರು ಮುಗಿದಾಗಲೆಲ್ಲ ಬಾಡಿಗೆ ಏರುತ್ತದೆ, ಫೀ ಪ್ರತಿ ಜೂನ್‌ಗೆ ಏರುತ್ತದೆ, ಪಗಾರ ಏರುವುದು ಅವನ ಅದೃಷ್ಟ.

ಮೂರನೇ ಭಾನುವಾರ ತಮ್ಮನೇ ಇನ್ನೊಂದು ದಾರಿ ಹೇಳಿದ. "ನಾ ಒಬ್ಬಾಂವ ಹೋದರ?"

ಬರೆದು ನೋಡಿದೆವು. ಪೀಣ್ಯದ ಹತ್ತಿರ ಊಟ ಸೇರಿ ಪಿಜಿಗೆ 9,000. ಕೈಖರ್ಚು 3,000. ತಿಂಗಳಿಗೆ ಎರಡು ಸಲ ಊರಿಗೆ ಬರಲು 3,000. ಇತ್ತ ಮನೆಯ ಖರ್ಚು ಅವನ ಊಟ, ಪೆಟ್ರೋಲು ಕಳೆದು 29,500. ಅವಳ 14,000 ಹಾಗೇ ಇರುತ್ತದೆ. ಆದಾಯ 82,500, ಖರ್ಚು 44,500, ಕೈಯಲ್ಲಿ 38,000. ಪಿಎಫ್ ಸೇರಿ 48,800. ಮೂರರಲ್ಲಿ ಇದೇ ಜಾಸ್ತಿ, ಅದೂ ಎಷ್ಟೋ ಪಾಲು. ಬೆಂಗಳೂರಿನಲ್ಲಿ ದುಡಿದ ರೂಪಾಯಿ ಹುಬ್ಬಳ್ಳಿಯಲ್ಲಿ ಖರ್ಚಾದರೇ ಅದಕ್ಕೆ ಬಲ. ಶನಿವಾರ ಬೆಳಗ್ಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹುಬ್ಬಳ್ಳಿಗೆ ಬಂದಾಗ ಹೆಗಲಿಗೊಂದು ಬ್ಯಾಗು ಹಾಕಿಕೊಂಡು ಇಳಿಯುವ ಗಂಡಸರನ್ನು ನೋಡಿ. ಅವರೆಲ್ಲ ಈ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿದವರು.

ದಸರೆ ಮುಗಿದಮೇಲೆ ಅವನು ಹೋದ. ಅಕ್ಟೋಬರ್‌ನಿಂದ ಜನವರಿಯವರೆಗಿನ ನಾಲ್ಕು ತಿಂಗಳ ನಿಜವಾದ ಖರ್ಚು ಈಗ ನನ್ನ ಮುಂದಿದೆ. ನಾವು ಅಂದುಕೊಂಡದ್ದು ಎರಡು ಕಡೆ ತಪ್ಪಿತು. ಓಡಾಟಕ್ಕೆ 3,000 ಬರೆದದ್ದು ಸರಾಸರಿ 5,200 ಆಗಿದೆ. ಸ್ಲೀಪರ್ ಟಿಕೆಟ್ ಸಿಕ್ಕ ವಾರ ಕಮ್ಮಿ, ಸಿಗದ ವಾರ ಖಾಸಗಿ ಬಸ್ಸು. ದೀಪಾವಳಿಗೆ ಬಸ್ಸಿನವರು ಕೇಳಿದ ದರದಲ್ಲಿ ಬೇರೆ ದಿನ ಎರಡು ಸಲ ಬಂದು ಹೋಗಬಹುದಿತ್ತು. ಪಿಜಿ ಊಟ ಒಗ್ಗದೆ ಹೊರಗೆ ತಿಂದದ್ದು 2,500. ನವೆಂಬರ್‌ನಲ್ಲಿ ಒಮ್ಮೆ ಅವನ ಹೆಂಡತಿಯೇ ಮಗಳನ್ನು ಕರೆದುಕೊಂಡು ಹೋಗಿ ಬಂದಳು. ಶಕ್ತಿ ಯೋಜನೆಯಲ್ಲಿ ಅವಳಿಗೆ ಸಾದಾ ಬಸ್ಸು ಪುಕ್ಕಟೆ, ಸ್ಲೀಪರ್‌ಗೆ ಅದು ಇಲ್ಲ. ರಾತ್ರಿಯಿಡೀ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತೇ ಹೋದಳು. ಇಷ್ಟೆಲ್ಲ ಆಗಿಯೂ ತಿಂಗಳಿಗೆ 44,000ದಷ್ಟು ಉಳಿಯುತ್ತಿದೆ, ಮೊದಲಿಗಿಂತ 14,500 ಹೆಚ್ಚು.

ಈಗ ನೋಟ್‌ಬುಕ್ ಅವನ ಹೆಂಡತಿಯ ಹತ್ತಿರ ಇದೆ. ತಿಂಗಳ ಕೊನೆಗೆ ನನಗೆ ತೋರಿಸುತ್ತಾಳೆ. ಜನವರಿಯ ಪುಟದಲ್ಲಿ ಉಳಿತಾಯದ ಕೆಳಗೆ ನಾನು ಹಾಕಿಕೊಡದ ಒಂದು ಬಾಬತ್ತು ಇತ್ತು. ಅಕ್ಟೋಬರ್‌ನಿಂದಲೇ ಬರೆದುಕೊಂಡು ಬಂದಿದ್ದಾಳೆ, ನಾನು ಗಮನಿಸಿರಲಿಲ್ಲ. "ಇವರು ಮನೆಯಲ್ಲಿದ್ದ ದಿನ: 5."

ದಾಸರಹಳ್ಳಿಯ ಎರಡು ಶಾಲೆಗಳಿಗೆ ಅವಳು ಅರ್ಜಿ ಹಾಕಿದ್ದಾಳೆ. ಒಂದರಲ್ಲಿ ಟೀಚರ್ ಮಕ್ಕಳಿಗೆ ಅರ್ಧ ಫೀ ಇದೆಯಂತೆ. ಹಾಗಾದರೆ 7,500ರ ಆ ಸಾಲು ಬದಲಾಗುತ್ತದೆ. ಏಪ್ರಿಲ್‌ನಲ್ಲಿ ಮಗಳ ಪರೀಕ್ಷೆ ಮುಗಿದ ಭಾನುವಾರ ಮತ್ತೆ ಎಲ್ಲರೂ ಕೂರುವುದು ಅಂತ ಆಗಿದೆ. ಈ ಸಲ ಅವ್ವನೂ ಲೆಕ್ಕಕ್ಕೆ ಕೂರುತ್ತೇನೆ ಅಂದಿದ್ದಾಳೆ.